ಎಲ್ಲರೂ 4ಕ್ಕೇ ಟಿಕ್ ಹಾಕಿದರು: ಹಾಸನದ ಒಂದು ಕಾಲೇಜಿನಲ್ಲಿ ಎಲ್‌ಎಂಎಸ್

ಎಲ್‌ಎಂಎಸ್ ಬಗ್ಗೆ, ಅಂದರೆ ನೋಟ್ಸು, ಟೆಸ್ಟು, ಅಂಕ ಎಲ್ಲವನ್ನೂ ಕಂಪ್ಯೂಟರಿನಲ್ಲೇ ನಡೆಸುವ ಕಲಿಕಾ ನಿರ್ವಹಣಾ ವ್ಯವಸ್ಥೆಯ ಬಗ್ಗೆ, ನಾನು ಪ್ರಶ್ನಾವಳಿ ಹಂಚಿದ್ದು ಮಧ್ಯಾಹ್ನದ ಊಟ ಮುಗಿದ ಮೇಲೆ, ಸ್ಟಾಫ್ ರೂಮಿನಲ್ಲಿ. "ಈ ವ್ಯವಸ್ಥೆ ನನ್ನ ಬೋಧನೆಗೆ ಉಪಯುಕ್ತವಾಗಿದೆ", "ಇದನ್ನು ಬಳಸುವುದು ಸುಲಭ", "ಮುಂದಿನ ಸೆಮಿಸ್ಟರಿನಲ್ಲೂ ಬಳಸುತ್ತೇನೆ" ಎಂಬಂಥ ಒಂದಿಪ್ಪತ್ತು ವಾಕ್ಯ, ಪ್ರತಿಯೊಂದರ ಮುಂದೆ 1ರಿಂದ 5ರವರೆಗೆ ಅಂಕಿ. 1 ಅಂದರೆ ಸುತರಾಂ ಒಪ್ಪುವುದಿಲ್ಲ, 5 ಅಂದರೆ ಪೂರ್ತಿ ಒಪ್ಪುತ್ತೇನೆ. ಹತ್ತು ನಿಮಿಷದಲ್ಲಿ ಹಾಳೆಗಳೆಲ್ಲ ವಾಪಸ್ಸು ಬಂದವು. ಒಬ್ಬಿಬ್ಬರನ್ನು ಬಿಟ್ಟರೆ ಮಿಕ್ಕವರೆಲ್ಲ ಮೇಲಿಂದ ಕೆಳಗಿನವರೆಗೆ 4ಕ್ಕೇ ಟಿಕ್ ಹಾಕಿದ್ದರು. ಹಿಸ್ಟರಿ ಮೇಷ್ಟ್ರು ಹಾಳೆ ಕೈಗಿಡುತ್ತಾ, "5 ಹಾಕಿದ್ರೆ ಸುಳ್ಳು ಅಂತ ಗೊತ್ತಾಗುತ್ತೆ, 3 ಹಾಕಿದ್ರೆ ನಿನಗೆ ಬೇಜಾರಾಗುತ್ತೆ. ಅದಕ್ಕೇ 4 ಕಣಪ್ಪ" ಅಂದರು.

ನಾನು ಅದೇ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುವವನು. ಆ ಎಲ್‌ಎಂಎಸ್ಸನ್ನು ಸರ್ವರಿಗೆ ಹಾಕಿದವನು, ಎಲ್ಲರಿಗೂ ಲಾಗಿನ್ ಮಾಡಿಕೊಟ್ಟವನು, ಪಾಸ್‌ವರ್ಡ್ ಮರೆತವರಿಗೆಲ್ಲ ಹೊಸದು ಕೊಡುತ್ತಾ ಬಂದವನು ಎಲ್ಲ ನಾನೇ. ಮದುವೆ ಮನೆಯಲ್ಲಿ ಅಡುಗೆ ಭಟ್ಟರೇ ಪಂಕ್ತಿಗೆ ಬಂದು ಸಾರು ಹೇಗಿದೆ ಎಂದು ಕೇಳಿದರೆ ಯಾರು ತಾನೇ ಉಪ್ಪು ಕಮ್ಮಿ ಅನ್ನುತ್ತಾರೆ? ಆ ಹಾಳೆಗಳನ್ನು ಬೀರುವಿನಲ್ಲಿಟ್ಟೆ. ಮೂರು ವರ್ಷ ಕಣ್ಣೆದುರು ನಡೆದದ್ದು, ಕ್ಯಾಂಟೀನಿನಲ್ಲಿ ಕಿವಿಗೆ ಬಿದ್ದದ್ದು, ಸರ್ವರಿನ ದಾಖಲೆಯಲ್ಲಿ ಉಳಿದದ್ದು, ಇಷ್ಟನ್ನು ಸೇರಿಸಿ ಈ ಪ್ರಕರಣ ಬರೆಯುತ್ತಿದ್ದೇನೆ. ಕಾಲೇಜಿನ ಹೆಸರು ಬೇಡ. ಸಹೋದ್ಯೋಗಿಗಳನ್ನು ಅವರವರ ವಿಷಯದಿಂದಲೇ ಕರೆಯುತ್ತೇನೆ. ಸ್ಟಾಫ್ ರೂಮಿನಲ್ಲೂ ನಾವು ಕರೆಯುವುದು ಹಾಗೆಯೇ.

ಕಾಲೇಜು, ಮತ್ತು ಮೂಡಲ್ ಬಂದ ದಾರಿ

ಹಾಸನ ನಗರದ ಒಂದು ಏಡೆಡ್ ಕಾಲೇಜು. ಪದವಿಯ ಜೊತೆಗೆ ಎಂ.ಕಾಂ., ಒಂದು ವಿಷಯದಲ್ಲಿ ಎಂ.ಎ. ಇದೆ. ಸರ್ಕಾರದ ಸಂಬಳದ ಹುದ್ದೆಯಲ್ಲಿದ್ದವರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಾ ಹೋದರು, ಅವರ ಜಾಗಕ್ಕೆ ಆಡಳಿತ ಮಂಡಳಿಯೇ ನೇಮಿಸಿ ಸಂಬಳ ಕೊಡುವ ಮ್ಯಾನೇಜ್‌ಮೆಂಟ್ ಲೆಕ್ಚರರುಗಳು ಬರುತ್ತಾ ಹೋದರು. ಇವರಿಗೆ ಸಂಬಳ ವರ್ಷಕ್ಕೆ ಹತ್ತು ತಿಂಗಳು, ನೇಮಕ ವರ್ಷ ವರ್ಷಕ್ಕೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರಾದರೂ ಬೀದಿಗಿಳಿದು ಹೋರಾಡಿ, 2022ರ ಜನವರಿಯಲ್ಲಿ ವಾರಕ್ಕೆ 15 ಗಂಟೆ ಕೆಲಸಕ್ಕೆ ತಿಂಗಳಿಗೆ 26,000ದಿಂದ 32,000 ರೂಪಾಯಿವರೆಗೆ ಗೌರವಧನ ಮಾಡಿಸಿಕೊಂಡರು. ಖಾಸಗಿ ಮಂಡಳಿಯ ಕೆಳಗೆ ದುಡಿಯುವವರಿಗೆ ಆ ಬೀದಿಯೂ ಇಲ್ಲ. ಎಲ್‌ಎಂಎಸ್ ವಿಷಯಕ್ಕೂ ಇದಕ್ಕೂ ಏನು ಸಂಬಂಧ ಎಂದು ಮೊದಮೊದಲು ನಾನೂ ಅಂದುಕೊಂಡಿದ್ದೆ.

ಮಕ್ಕಳು ಬರುವುದು ಆಲೂರು, ಅರಕಲಗೂಡು, ಬೇಲೂರು, ಸಕಲೇಶಪುರದ ಕಡೆಯಿಂದ, ಹೆಚ್ಚಿನವರು ಕೆಂಪು ಬಸ್ಸಿನಲ್ಲಿ. ಹೆತ್ತೂರು, ಯಸಳೂರಿನ ಆಚೆಯ ಹಳ್ಳಿಗಳಲ್ಲಿ ಮಳೆಗಾಲ ಹಿಡಿಯಿತೆಂದರೆ ಕರೆಂಟು ಇದ್ದಾಗ ನೆಟ್‌ವರ್ಕ್ ಇಲ್ಲ, ನೆಟ್‌ವರ್ಕ್ ಬಂದಾಗ ಫೋನಿನಲ್ಲಿ ಚಾರ್ಜ್ ಇಲ್ಲ.

ದೂರದಿಂದ ಪಾಠ ಬರುವುದು ಹಾಸನಕ್ಕೆ ಹೊಸದಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಶಿಕ್ಷಣಕ್ಕೆಂದೇ ಮೀಸಲಿಟ್ಟ ಎಜುಸ್ಯಾಟ್ ಉಪಗ್ರಹ 2004ರ ಸೆಪ್ಟೆಂಬರ್ 20ರಂದು ಹಾರಿತಲ್ಲ, ಅದನ್ನು ಮೇಲೆ ನೋಡಿಕೊಂಡದ್ದು ನಮ್ಮ ಸಾಲಗಾಮೆ ರಸ್ತೆಯ ಇಸ್ರೋ ಕೇಂದ್ರ. ಆ ಕಾಲದಲ್ಲಿ ವಿಟಿಯು ಅಡಿಯ ಇಂಜಿನಿಯರಿಂಗ್ ಕಾಲೇಜುಗಳಿಗೆ ಉಪಗ್ರಹದ ಮೂಲಕ ಪಾಠ ಬರುತ್ತಿತ್ತು. ಅದನ್ನು ಕೇಳಿದ ತಲೆಮಾರು ನನ್ನದು. ಪರದೆಯ ಮೇಲೆ ಯಾರೋ ಪ್ರೊಫೆಸರು, ಎದುರಿಗೆ ನಾವು. ನಮ್ಮ ಲೆಕ್ಚರರು ಬಾಗಿಲ ಹತ್ತಿರ ಕೈಕಟ್ಟಿ ನಿಂತಿರುತ್ತಿದ್ದರು. ಅವರ ಮುಖ ಹೇಗಿತ್ತು ಎಂದು ಆಗ ನಾನು ನೋಡಿದವನಲ್ಲ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ನಮ್ಮ ಕೈಗೆ ಸಿಕ್ಕಿದ್ದು ವಾಟ್ಸಾಪ್. ಆಮೇಲೆ ಗೂಗಲ್ ಮೀಟ್, ಕೆಲವರು ಗೂಗಲ್ ಕ್ಲಾಸ್‌ರೂಮ್. 2021ರ ಆರಂಭದಲ್ಲಿ ರಾಜ್ಯ ಸರ್ಕಾರ ತನ್ನ ಪದವಿ, ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಕಾಲೇಜುಗಳಿಗೆ ಎಲ್‌ಎಂಎಸ್ ತಂದಿತು. ಅದನ್ನು ನೋಡಿ ನಮ್ಮ ಮಂಡಳಿಗೂ ನಮ್ಮದೊಂದು ಇರಲಿ ಅನ್ನಿಸಿತು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಕಾಲವೂ ಹತ್ತಿರವಾಗಿತ್ತು. ಪಾಠಕ್ಕೆ ತಂತ್ರಜ್ಞಾನ ಬಳಸುತ್ತೀರಾ ಎಂದು ಅವರು ಕೇಳಿಯೇ ಕೇಳುತ್ತಾರೆ. ಖರ್ಚು ಮಾತ್ರ ಆಗಕೂಡದು. ಹಾಗಾಗಿ ಮೂಡಲ್. ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್ 2002ರಲ್ಲಿ ಹೊರತಂದ ಈ ಎಲ್‌ಎಂಎಸ್ ತಂತ್ರಾಂಶ ಮುಕ್ತವಾದದ್ದು, ಯಾರು ಬೇಕಾದರೂ ತಮ್ಮ ಸರ್ವರಿಗೆ ಹಾಕಿಕೊಳ್ಳಬಹುದು. ತಂತ್ರಾಂಶ ಬಿಟ್ಟಿ ಅಂದಮೇಲೆ ಅದನ್ನು ನೋಡಿಕೊಳ್ಳುವವನೂ ಬಿಟ್ಟಿ ಎಂದು ಮಂಡಳಿ ಅರ್ಥ ಮಾಡಿಕೊಂಡಿತು. ಸರ್ವರ್ ಪೆಟ್ಟಿಗೆ ಬಂದ ದಿನ ನಮ್ಮ ಅಟೆಂಡರ್, "ಮೂಡಲ್ ಅಂದ್ರೆ ಮೂಡಲ ದಿಕ್ಕಿಗೇ ಇಡಬೇಕಾ ಸಾರ್?" ಎಂದು ಕೇಳಿದರು. ಪ್ಲಗ್ ಪಾಯಿಂಟ್ ಇದ್ದದ್ದು ಪಡುವಲಿಗೆ.

ಮೂವತ್ತನೇ ತಾರೀಕು

ಎರಡು ದಿನ ತರಬೇತಿ ನಡೆಯಿತು. ಬೆಂಗಳೂರಿನಿಂದ ಬಂದವರು ತೋರಿಸಿದ ಮಾದರಿ ಇಂಗ್ಲಿಷಿನ ಮಾರ್ಕೆಟಿಂಗ್ ಕೋರ್ಸು. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪಾಠ ಮಾಡುವುದು ಕನ್ನಡದಲ್ಲಿ. ಅದರ ಬಗ್ಗೆ ಇಷ್ಟು ಸಾಕು.

ಆಮೇಲೆ ಸುತ್ತೋಲೆ ಬಂತು. ಎಲ್ಲ ಅಧ್ಯಾಪಕರೂ ತಮ್ಮ ಎಲ್ಲ ಘಟಕಗಳ ನೋಟ್ಸನ್ನು 30ನೇ ತಾರೀಕಿನೊಳಗೆ ಎಲ್‌ಎಂಎಸ್‌ಗೆ ಹಾಕತಕ್ಕದ್ದು.

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಮೂಡಲ್ ನಡೆಯುವುದು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೇಲೆ. ಪಿಎಚ್‌ಪಿಯನ್ನು ಮುಟ್ಟದೆ ಹಾಗೇ ಬಿಟ್ಟರೆ 2 ಎಂಬಿಗಿಂತ ದೊಡ್ಡ ಫೈಲನ್ನು ಅದು ಒಳಗೆ ಬಿಡುವುದಿಲ್ಲ. ಆ ಮಿತಿಯನ್ನು ಹೆಚ್ಚಿಸಲು ನಾನು ಮರೆತಿದ್ದೆ. ಕೈಬರಹದ ನೋಟ್ಸನ್ನು ಫೋನಿನಲ್ಲಿ ಫೋಟೋ ಹೊಡೆದು ಪಿಡಿಎಫ್ ಮಾಡಿದರೆ ಒಂದು ಘಟಕವೇ ಇಪ್ಪತ್ತು, ಮೂವತ್ತು ಎಂಬಿ ಆಗುತ್ತದೆ. ಕಾಮರ್ಸ್ ಮೇಡಂ 29ರ ರಾತ್ರಿ, ಮನೆಯವರಿಗೆಲ್ಲ ಬಡಿಸಿ ಆದ ಮೇಲೆ ಕೂತು, ಹನ್ನೊಂದು ಗಂಟೆಯವರೆಗೆ ಅದೇ ಫೈಲನ್ನು ಹಾಕಿ ಹಾಕಿ, ಅದೇ ಕೆಂಪು ಅಕ್ಷರ ನೋಡಿ ನೋಡಿ ಮಲಗಿದರಂತೆ. ಬೆಳಗ್ಗೆ ಬಂದು ಹೇಳಿದರು. ನಾನು ಸರ್ವರಿನಲ್ಲಿ ಎರಡು ಸಾಲು ತಿದ್ದಿದೆ, ಒಂದು ನಿಮಿಷವೂ ಹಿಡಿಯಲಿಲ್ಲ. ಆದರೆ ಅವರು ಆ ರಾತ್ರಿ ಸರ್ವರನ್ನು ಬೈದುಕೊಂಡಿರಲಿಲ್ಲ, ತಮ್ಮನ್ನೇ ಬೈದುಕೊಂಡಿದ್ದರು. "ನಂಗೆ ಇದೆಲ್ಲ ಬರಲ್ಲ ಸಾರ್, ನಾನು ಹಳೇ ಕಾಲದವಳು" ಎಂಬ ಮಾತು ಅಲ್ಲಿಂದ ಶುರುವಾದದ್ದು ನಿಲ್ಲಲು ಎರಡು ಸೆಮಿಸ್ಟರ್ ಹಿಡಿಯಿತು. ಟ್ಯಾಲಿಯಲ್ಲಿ ಕಣ್ಣುಮುಚ್ಚಿ ಲೆಕ್ಕ ಹಾಕುವ ಹೆಂಗಸು ಅವರು.

30ರ ಸಂಜೆಗೆ ಎಲ್ಲರ ಕೋರ್ಸೂ ತುಂಬಿತ್ತು. ಒಬ್ಬರು ಸಿಲಬಸ್ಸಿನ ಒಂದೇ ಹಾಳೆಯನ್ನು ಐದು ಹೆಸರಿನಲ್ಲಿ ಐದು ಘಟಕಕ್ಕೆ ಹಾಕಿದ್ದರು. ಒಬ್ಬರದು ಇಂಟರ್ನೆಟ್ಟಿನಿಂದ ಇಳಿಸಿದ ಬೇರೊಂದು ವಿಶ್ವವಿದ್ಯಾಲಯದ ಪುಸ್ತಕ. ಇನ್ನೊಬ್ಬರ ಫೈಲು ತೆರೆದರೆ ಅವರ ಮಗಳ ನೃತ್ಯ ಕಾರ್ಯಕ್ರಮದ ಆಹ್ವಾನ ಪತ್ರಿಕೆ. ಅವಸರದಲ್ಲಿ ಕೈತಪ್ಪಿ ಬಂದಿತ್ತು, ಯಾವ ವಿದ್ಯಾರ್ಥಿಯೂ ತೆರೆದು ನೋಡದ ಕಾರಣ ಎರಡು ತಿಂಗಳು ಅಲ್ಲೇ ಇತ್ತು. ನಾನು ವರದಿ ತೆಗೆದು ಕೊಟ್ಟೆ. ಎಲ್ಲ ಅಧ್ಯಾಪಕರೂ ಎಲ್‌ಎಂಎಸ್ ಬಳಸುತ್ತಿದ್ದಾರೆ ಎಂದು ಅದರಲ್ಲಿತ್ತು, ಸುಳ್ಳೇನೂ ಅಲ್ಲ. ನ್ಯಾಕ್ ತಂಡ ಬಂತು, ನೋಡಿತು, ಮೆಚ್ಚಿತು. ಅವರ ಕಾರು ಗೇಟು ದಾಟಿದ ಮೇಲೆ ಲಾಗಿನ್ ಪಟ್ಟಿ ನೋಡಿದರೆ ಹಾಸನಾಂಬೆಯ ಗುಡಿ ಬಾಗಿಲು ಹಾಕಿದ ಹಾಗೆ. ಇನ್ನು ಮುಂದಿನ ವರ್ಷವೇ.

ಹಲ್ಮಿಡಿಯ ಮುಂದೊಂದು ನಕ್ಷತ್ರ

ಹಿಸ್ಟರಿ ಮೇಷ್ಟ್ರಿಗೆ ಆಗ ನಿವೃತ್ತಿಗೆ ಎರಡು ವರ್ಷ ಬಾಕಿ. ಎಲ್ಲರೂ ಅವರನ್ನು ಕಂಪ್ಯೂಟರ್ ವಿರೋಧಿ ಎಂದೇ ಲೆಕ್ಕಕ್ಕಿಟ್ಟಿದ್ದರು, ನಾನೂ ಕೂಡ. ಒಂದು ದಿನ ತಾವೇ ಪೆನ್‌ಡ್ರೈವ್ ಹಿಡಿದು ಲ್ಯಾಬಿಗೆ ಬಂದರು. ಬಸ್ ಸ್ಟ್ಯಾಂಡ್ ಹತ್ತಿರದ ಡಿಟಿಪಿ ಅಂಗಡಿಯಲ್ಲಿ ವರ್ಷಗಟ್ಟಲೆ ಸ್ವಂತ ದುಡ್ಡು ಕೊಟ್ಟು ಟೈಪು ಮಾಡಿಸಿದ ನೋಟ್ಸು ಅದರಲ್ಲಿತ್ತು, ಎಲ್ಲ ನುಡಿ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ. ಮೂಡಲ್‌ನ ಪುಟಕ್ಕೆ ಅದನ್ನು ಅಂಟಿಸಿದರೆ ಬಂದದ್ದು ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಕೊಂಬು, ಚುಕ್ಕಿ ಮೂಡಿದಂಥ ಸಾಲುಗಳು. ಹಳೆಯ ನುಡಿ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ ಫಾಂಟು. ಆ ಫಾಂಟು ಇಲ್ಲದ ಕಡೆ ಕನ್ನಡವೂ ಇಲ್ಲ. "ನಿನ್ನ ಮಿಷನ್ನಿಗೆ ಕನ್ನಡ ಬರಲ್ಲ ಅನ್ನು, ನನಗೆ ಕಂಪ್ಯೂಟರ್ ಬರಲ್ಲ ಅಂತ ಯಾಕೆ ಹೇಳ್ಕೊಂಡು ತಿರುಗ್ತೀರಿ?" ಎಂದು ನಕ್ಕರು. ನುಡಿಯಿಂದ ಯೂನಿಕೋಡಿಗೆ ತಿರುಗಿಸುವ ಸಾಧನದಲ್ಲಿ ಹಾಕಿ, ಒತ್ತಕ್ಷರ ಕೆಟ್ಟ ಕಡೆಯೆಲ್ಲ ಕೂತು ತಿದ್ದಿದೆವು. ಒಂದು ಪತ್ರಿಕೆಯ ನೋಟ್ಸಿಗೆ ಮೂರು ಶನಿವಾರ ಹೋದವು.

ನಂತರ ಅವರಿಗೆ ಕ್ವಿಜ್ ಮಾಡುವ ಉಮೇದು ಬಂತು. ಮೊದಲ ಪ್ರಶ್ನೆ: ಕನ್ನಡದ ಅತ್ಯಂತ ಹಳೆಯ ಶಾಸನ ಯಾವುದು? ಒಂದು ಪದದ ಉತ್ತರ, ಹಲ್ಮಿಡಿ. ನಮ್ಮದೇ ಬೇಲೂರು ತಾಲ್ಲೂಕಿನ ಊರು, 1936ರಲ್ಲಿ ಬೆಳಕಿಗೆ ಬಂದ ಶಾಸನ, ಕಾಲ ಸುಮಾರು ಕ್ರಿ.ಶ. 450. ಮಕ್ಕಳು "ಹಲ್ಮಿಡಿ", "ಹಲ್ಮಿಡಿ ಶಾಸನ", "ಹಾಲ್ಮಿಡಿ", "ಬೇಲೂರಿನ ಹಲ್ಮಿಡಿ" ಎಂದೆಲ್ಲ ಬರೆದರು. ಮೂಡಲ್ ಮೊದಲನೆಯದಕ್ಕೆ ಮಾತ್ರ ಅಂಕ ಕೊಟ್ಟು ಮಿಕ್ಕವರಿಗೆಲ್ಲ ಸೊನ್ನೆ ಹಾಕಿತು. ಒಬ್ಬ ಹುಡುಗನ ಉತ್ತರವಂತೂ ಕಣ್ಣಿಗೆ ಅಕ್ಷರಕ್ಕಕ್ಷರ ಸರಿ, ಆದರೂ ಸೊನ್ನೆ. ಹುಡುಕಿ ನೋಡಿದರೆ ಅವನ ಫೋನಿನ ಕೀಲಿಮಣೆ ಪದದ ಕೊನೆಗೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಚಿಹ್ನೆಯನ್ನು ಸೇರಿಸಿತ್ತು. ಅಕ್ಷರಗಳನ್ನು ಬೇರ್ಪಡಿಸಿ ಬರೆಯಲು ಕನ್ನಡದಲ್ಲಿ ಬಳಸುವ ಚಿಹ್ನೆ ಅದು. ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಮೂವತ್ತು ವರ್ಷ ಪೇಪರ್ ತಿದ್ದಿದೀನಿ, ಕಾಣದೇ ಇರೋ ತಪ್ಪಿಗೆ ನಾನು ಯಾರ ಮಾರ್ಕ್ಸೂ ಕಿತ್ತುಕೊಂಡಿಲ್ಲ" ಅಂದರು. ಇನ್ನೊಬ್ಬಳು "ತಾಳಗುಂದ" ಎಂದು ಬರೆದಿದ್ದಳು. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ 2013ರಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನವನ್ನು ಪುರಾತತ್ತ್ವ ಇಲಾಖೆ ಕ್ರಿ.ಶ. 370ರದ್ದು ಎಂದಿದೆ, ಹಾಗೆ ನೋಡಿದರೆ ಹಲ್ಮಿಡಿಗಿಂತ ಹಳೆಯದು. "ಇವಳು ಪೇಪರ್ ಓದಿದಾಳೆ. ಇವಳಿಗೆ ಸೊನ್ನೆ ಕೊಡೋ ಮಿಷನ್ನನ್ನ ನಾನು ಒಪ್ಕೋಬೇಕಾ?"

ತರಬೇತಿಯಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಮೂಡಲ್‌ನಲ್ಲಿ ಒಂದೇ ಪ್ರಶ್ನೆಗೆ ಹಲವು ಉತ್ತರಗಳನ್ನು ಸರಿ ಎಂದು ಕೊಡಬಹುದು, ಪ್ರತಿಯೊಂದಕ್ಕೂ ಇಷ್ಟಿಷ್ಟು ಅಂಕ ಎಂದು ನಿಗದಿ ಮಾಡಬಹುದು. ಪದದ ಹಿಂದೆ ಮುಂದೆ ನಕ್ಷತ್ರ ಚಿಹ್ನೆ ಇಟ್ಟರೆ ಆ ಜಾಗದಲ್ಲಿ ಏನಿದ್ದರೂ ನಡೆಯುತ್ತದೆ. ಅವರಿಗೆ ಅದನ್ನು ತೋರಿಸಿದೆ. ತಾಳಗುಂದಕ್ಕೂ ಪೂರ್ತಿ ಅಂಕವಿಟ್ಟು, ಅದನ್ನು ಬರೆದವರಿಗೆ ಎರಡು ಸಾಲಿನ ವಿವರಣೆ ಕಾಣುವಂತೆ ಮಾಡಿದರು. ಹಲ್ಮಿಡಿಯ ಎರಡೂ ಕಡೆ ನಕ್ಷತ್ರ ಕೂರಿಸಿ ಎಲ್ಲರ ಉತ್ತರವನ್ನೂ ಮತ್ತೆ ತಿದ್ದಿಸಿದರು. ಆ ವಾರದಿಂದ ಅವರನ್ನು ಲ್ಯಾಬಿನಿಂದ ಎಬ್ಬಿಸುವುದೇ ಕಷ್ಟವಾಯಿತು. ಅಂಕ ಕೊಡುವ ಅಧಿಕಾರ ಮರಳಿ ತಮ್ಮ ಕೈಗೆ ಬಂದದ್ದು ಅವರಿಗೆ ದೊಡ್ಡದು; ಬಳಸುವುದು ಸುಲಭವೋ ಕಷ್ಟವೋ ಎಂಬುದು ಆಮೇಲಿನ ಮಾತು.

ರಿಜಿಸ್ಟರ್ ನಂಬರ್

ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಪದವಿಯಲ್ಲಿ ಸೆಮಿಸ್ಟರ್ ಪರೀಕ್ಷೆಗೆ 60 ಅಂಕ, ಐಎಗೆ, ಅಂದರೆ ಆಂತರಿಕ ಮೌಲ್ಯಮಾಪನಕ್ಕೆ, 40 ಇತ್ತು. ಆ ನಲವತ್ತಕ್ಕೆ ಟೆಸ್ಟು, ಅಸೈನ್‌ಮೆಂಟು, ಸೆಮಿನಾರು. ಎಲ್ಲ ಸೇರಿಸಿ ಕೂಡಿ, ಕೊನೆಗೆ ರಾಜ್ಯದ ವಿಶ್ವವಿದ್ಯಾಲಯಗಳಿಗೆಲ್ಲ ಒಂದೇ ಆದ ಯುಯುಸಿಎಂಎಸ್ ಪೋರ್ಟಲ್ಲಿಗೆ ತುಂಬಬೇಕು. ನಮ್ಮ ಮೂಡಲ್‌ನಲ್ಲಿದ್ದ ಅಂಕ ಅಲ್ಲಿಗೆ ತಾನಾಗಿ ಹೋಗುವುದಿಲ್ಲ, ನೋಡಿಕೊಂಡು ಟೈಪು ಮಾಡಬೇಕು. ಇದರಲ್ಲಿ ತೊಡಕೇನಾಯಿತೆಂದರೆ, ನಾನು ಮಕ್ಕಳ ಖಾತೆಗಳನ್ನು ಹೆಸರಿನಲ್ಲಿ ಮಾಡಿದ್ದೆ, ಮೂಡಲ್ ಅಂಕಪಟ್ಟಿಯನ್ನು ಹೆಸರಿನ ಅನುಕ್ರಮದಲ್ಲಿ ಕೊಡುತ್ತಿತ್ತು. ಅಂಕ ತುಂಬುವವರಿಗೆ ಬೇಕಾದದ್ದು ರಿಜಿಸ್ಟರ್ ನಂಬರಿನ ಅನುಕ್ರಮ. ಒಂದೇ ತರಗತಿಯಲ್ಲಿ ಐವರು ಚಂದನ, ಅವರಲ್ಲಿ ಇಬ್ಬರಿಗೆ ಒಂದೇ ಇನಿಷಿಯಲ್ಲು. ಒಬ್ಬಳ ಅಂಕ ಇನ್ನೊಬ್ಬಳಿಗೆ ಹೋಗಿ, ತಿದ್ದಿಸಲು ಕಾಮರ್ಸ್ ಮೇಡಂ ಅಲೆದಾಡಿದ್ದೇ ಬಂತು.

ಒಂದು ಭಾನುವಾರ ಕೂತು ಎಲ್ಲ ವಿದ್ಯಾರ್ಥಿಗಳ ಲಾಗಿನ್ನನ್ನೂ ರಿಜಿಸ್ಟರ್ ನಂಬರಿಗೆ ಬದಲಿಸಿದೆ. ಅಂಕಪಟ್ಟಿ ಅದೇ ಅನುಕ್ರಮದಲ್ಲಿ ಬರತೊಡಗಿತು. ಮೇಲಿಂದ ಕೆಳಗೆ ನೋಡಿಕೊಂಡು ತುಂಬಿದರೆ ಆಯಿತು. ಪ್ರಶ್ನೆಗಳನ್ನು ಒಂದೊಂದಾಗಿ ತುಂಬುವ ಕಷ್ಟಕ್ಕೂ ಒಂದು ದಾರಿ ಸಿಕ್ಕಿತು. ಐಕೆನ್ ಎನ್ನುವ ಮಾದರಿಯಲ್ಲಿ ಬರಿಯ ಪಠ್ಯದ ಫೈಲಿನಲ್ಲಿ ಪ್ರಶ್ನೆ, ಕೆಳಗೆ ಎ, ಬಿ, ಸಿ, ಡಿ, ಕೊನೆಗೆ ಉತ್ತರದ ಸಾಲು ಬರೆದು ಒಟ್ಟಿಗೇ ಒಳಕ್ಕೆ ಎಳೆದುಕೊಳ್ಳಬಹುದು. ಫೈಲನ್ನು ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಉಳಿಸಿದರೆ ಕನ್ನಡವೂ ಕೆಡುವುದಿಲ್ಲ. ಕಾಮರ್ಸ್ ಮೇಡಂ ಹಳೆಯ ಪ್ರಶ್ನೆಪತ್ರಿಕೆಗಳಿಂದ ಇನ್ನೂರು ಪ್ರಶ್ನೆ ಮಾಡಿ ಒಂದೇ ಏಟಿಗೆ ಹಾಕಿದರು. "ನಂಗೆ ಬರಲ್ಲ" ಎಂಬ ಮಾತು ನಿಂತದ್ದು ಆಗ. ಬಿ.ಕಾಂ. ವಿಭಾಗದವರೆಲ್ಲ ಅವರ ಹತ್ತಿರ ಕಲಿತರು, ನನ್ನ ಹತ್ತಿರ ಯಾರೂ ಬರಲಿಲ್ಲ. ಮೇಡಂ ಕೇಳಿದವರಿಗೆ ಮೌಸನ್ನು ಕೈಗೆ ಕೊಟ್ಟು ಪಕ್ಕದಲ್ಲಿ ನಿಲ್ಲುತ್ತಿದ್ದರು. ನಾನಾದರೆ ಮೌಸು ಕಿತ್ತುಕೊಂಡು ಮಾಡಿ ತೋರಿಸುತ್ತಿದ್ದೆ.

ಮೂಡಲ್‌ನ ಫೋನ್ ಆ್ಯಪಿನಲ್ಲಿ ನೆಟ್ ಇಲ್ಲದೆಯೂ ಕ್ವಿಜ್ ಬರೆಯುವ ಆಯ್ಕೆಯಿದೆ. ಹೆತ್ತೂರು ಕಡೆಯ ಮಕ್ಕಳು ಕಾಲೇಜಿನ ವೈಫೈನಲ್ಲಿ ಇಳಿಸಿಕೊಂಡು ಹೋಗಿ, ಮನೆಯಲ್ಲಿ ಬರೆದು, ಮಾರನೆ ದಿನ ಬಸ್ಸು ಸಕಲೇಶಪುರಕ್ಕೆ ಬಂದಾಗ ಕಳಿಸುತ್ತಿದ್ದರು. ಹೀಗೆ ಬರೆಸುವುದಾದರೆ ಸಮಯದ ಮಿತಿ ಇಡುವಂತಿಲ್ಲ. ಮಿತಿ ಇಲ್ಲದ ಟೆಸ್ಟು ಟೆಸ್ಟೇ ಅಲ್ಲ ಎಂದು ಕೆಲವು ಅಧ್ಯಾಪಕರು ಅದನ್ನು ಒಪ್ಪಲೇ ಇಲ್ಲ, ಅವರ ಮಾತಿನಲ್ಲೂ ಹುರುಳಿತ್ತು.

ಈ ಹೊತ್ತಿಗೆ ನಾನು ಈ ವಿಷಯದ ಸಂಶೋಧನೆಗಳನ್ನು ಓದತೊಡಗಿದ್ದೆ. ಅಮೆರಿಕದ ಫ್ರೆಡ್ ಡೇವಿಸ್ 1989ರಲ್ಲಿ ಹೇಳಿದ್ದು ಸರಳವಾಗಿದೆ: ಹೊಸ ವ್ಯವಸ್ಥೆಯನ್ನು ಜನ ಒಪ್ಪುವುದು ಅದರಿಂದ ಕೆಲಸಕ್ಕೆ ಉಪಯೋಗವಿದೆ ಅನ್ನಿಸಿದರೆ, ಬಳಸಲು ಸುಲಭ ಅನ್ನಿಸಿದರೆ, ಎರಡರಲ್ಲಿ ಉಪಯೋಗದ ತೂಕವೇ ಹೆಚ್ಚು. ವಿಶ್ವನಾಥ್ ವೆಂಕಟೇಶ್ ಮತ್ತು ಡೇವಿಸ್ ಮೊದಲಾದವರು 2003ರಲ್ಲಿ ಇದನ್ನು ಬೆಳೆಸಿ, ಸುತ್ತಲಿನವರ ಒತ್ತಾಸೆ, ಅನುಕೂಲಗಳ ಲಭ್ಯತೆ ಸೇರಿಸಿದರು. ವಯಸ್ಸು, ಅನುಭವ, ಸ್ವಇಚ್ಛೆಯಿಂದಲೋ ಬಲವಂತದಿಂದಲೋ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ನಾನು ಹಂಚಿದ ಪ್ರಶ್ನಾವಳಿ ಈ ಸಾಲಿಗೇ ಸೇರಿದ್ದು. ಕಾಮರ್ಸ್ ಮೇಡಂ ಇದರೊಳಗೆ ಚೆನ್ನಾಗಿ ಕೂರುತ್ತಾರೆ. ಹಿಸ್ಟರಿ ಮೇಷ್ಟ್ರನ್ನು ಕೊಂಚ ಒತ್ತಿ ಕೂರಿಸಬಹುದು. ಇನ್ನು ಮುಂದೆ ಬರುವ ಎಕನಾಮಿಕ್ಸ್ ಮೇಡಂ ಕೂರುವುದಿಲ್ಲ. ಉಪಯೋಗವಿದೆಯೇ ಎಂದು ಎಲ್ಲ ಪ್ರಶ್ನಾವಳಿಗಳೂ ಕೇಳುತ್ತವೆ, ಉಪಯೋಗ ಯಾರಿಗೆ ಎಂದು ನನ್ನ ಹಾಳೆಯಲ್ಲಿ ಇರಲಿಲ್ಲ.

ಎಕನಾಮಿಕ್ಸ್ ಮೇಡಂ

ಅವರು ಮ್ಯಾನೇಜ್‌ಮೆಂಟ್ ಲೆಕ್ಚರರು, ನಮ್ಮಲ್ಲಿ ಎಂಟು ವರ್ಷ. ಇಡೀ ಕಾಲೇಜಿನಲ್ಲಿ ಎಲ್‌ಎಂಎಸ್ಸನ್ನು ನಿಜವಾಗಿ ಬಳಸಿದವರು ಯಾರು ಎಂದು ಕೇಳಿದರೆ ಮೊದಲ ಹೆಸರು ಅವರದು. ಯಾವ ಸುತ್ತೋಲೆಗೂ ಕಾಯದೆ, ರಾತ್ರಿ ಅಡುಗೆಮನೆಯಲ್ಲಿ ಫೋನನ್ನು ಕುಕ್ಕರಿಗೆ ಒರಗಿಸಿ, ಗೋಡೆಗೆ ಬಿಳಿ ಹಲಗೆ ಇಟ್ಟು ಪಾಠ ರೆಕಾರ್ಡ್ ಮಾಡುತ್ತಿದ್ದರು. ಕೆಲವು ವಿಡಿಯೋಗಳಲ್ಲಿ ಹಿಂದೆ ಮಿಕ್ಸಿಯ ಸದ್ದೂ ಇದೆ.

ಬೇಡಿಕೆ, ಪೂರೈಕೆಯನ್ನು ಅವರು ಹೇಳಿಕೊಟ್ಟದ್ದು ಹಾಸನದ ಆಲೂಗಡ್ಡೆಯಿಂದ. ಬೇಸಿಗೆಯ ಕೊನೆಗೆ ಜಲಂಧರಿನ ಬಿತ್ತನೆ ಗಡ್ಡೆ ಎಪಿಎಂಸಿಗೆ ಬರುತ್ತದೆ, ರೈತರು ಕೊಳ್ಳುತ್ತಾರೆ. ಹಿಂದಿನ ವರ್ಷ ಬೆಲೆ ಚೆನ್ನಾಗಿದ್ದರೆ ಎಲ್ಲರೂ ಆಲೂಗಡ್ಡೆಯನ್ನೇ ಹಾಕುತ್ತಾರೆ, ಹಾಕಿದ್ದಕ್ಕೇ ಬೆಲೆ ಬೀಳುತ್ತದೆ. ಬಿದ್ದಿತೆಂದು ಮುಂದಿನ ವರ್ಷ ಜೋಳಕ್ಕೆ ಹೋಗುತ್ತಾರೆ, ಹೋದದ್ದಕ್ಕೇ ಬೆಲೆ ಏರುತ್ತದೆ. ನಡುವೆ ಅಂಗಮಾರಿ ರೋಗ ಬಂದರೆ ಲೆಕ್ಕವೆಲ್ಲ ತಲೆಕೆಳಗು. ಪಠ್ಯಪುಸ್ತಕದಲ್ಲಿ ಜೇಡರಬಲೆ ಸಿದ್ಧಾಂತ ಎಂದು ಎರಡು ಗೆರೆ ಎಳೆದು ಮುಗಿಸುವುದನ್ನು ಅವರು ಬಲೆಯ ಒಂದೊಂದು ಎಳೆಗೂ ಒಂದೊಂದು ವರ್ಷದ ಹೆಸರಿಟ್ಟು ಬಿಡಿಸುತ್ತಿದ್ದರು. ಅರಕಲಗೂಡಿನ ಹುಡುಗರು ಅದನ್ನು ಮನೆಯಲ್ಲಿ ಅಪ್ಪಂದಿರಿಗೆ ತೋರಿಸಿದರಂತೆ. ಸರ್ವರಿನಲ್ಲಿ ಅತಿ ಹೆಚ್ಚು ಸಲ ತೆರೆದ ಕೋರ್ಸು ಅದು. ನ್ಯಾಕ್ ತಂಡದ ಮುಂದೆ ನಾವು ತೆರೆದು ತೋರಿಸಿದ್ದೂ ಅದನ್ನೇ. ಅವತ್ತು ಮೇಡಂ ಪಕ್ಕದ ಕೊಠಡಿಯಲ್ಲಿ ಪಾಠ ಮಾಡುತ್ತಿದ್ದರು. ಅವರನ್ನು ಕರೆದು ಪರಿಚಯಿಸಬೇಕೆಂದು ನನಗೂ ಹೊಳೆಯಲಿಲ್ಲ.

ಯುಜಿಸಿಯ 2018ರ ನಿಯಮಾವಳಿಯಲ್ಲಿ ಇ-ಕಂಟೆಂಟ್ ತಯಾರಿಸಿದ ಅಧ್ಯಾಪಕರಿಗೆ ಅಂಕಗಳಿವೆ. ಏಡೆಡ್ ಹುದ್ದೆಯಲ್ಲಿದ್ದವರು ಅಂಥದ್ದನ್ನೆಲ್ಲ ಜೋಪಾನವಾಗಿ ಫೈಲು ಮಾಡುತ್ತಾರೆ, ಬಡ್ತಿಗೆ ಬೇಕು. ಬಡ್ತಿಯೇ ಇಲ್ಲದ ಮೇಡಂ ಆ ಅಂಕಗಳನ್ನು ಎಲ್ಲಿಗೆ ಒಯ್ಯಬೇಕು?

2024ರಲ್ಲಿ ರಾಜ್ಯ ಎನ್‌ಇಪಿಯ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ಹೊಸ ಸಿಲಬಸ್, ಹೊಸ ವರ್ಕ್‌ಲೋಡ್. 2021ರಲ್ಲಿ ದೇಶದಲ್ಲೇ ಮೊದಲು ಎನ್‌ಇಪಿ ಜಾರಿ ಮಾಡಿದಾಗ ಒಂದು ಸಲ ಕೋರ್ಸುಗಳನ್ನೆಲ್ಲ ಕಟ್ಟಿದ್ದ ನಾವು ಮತ್ತೊಮ್ಮೆ ಕಟ್ಟಲು ಕೂತೆವು. ನೋಟ್‌ಬುಕ್ಕಾದರೆ ನಾಲ್ಕು ಹಾಳೆ ಆಚೀಚೆ ಮಾಡಿ ನಡೆಸಬಹುದು. ಮೂಡಲ್‌ನಲ್ಲಿ ಘಟಕ, ಕ್ವಿಜ್, ಅಂಕಗಳ ಲೆಕ್ಕ ಎಲ್ಲ ಒಂದಕ್ಕೊಂದು ಹೆಣೆದಿರುತ್ತವೆ. ಎಷ್ಟೋ ಜನರ ಉತ್ಸಾಹ ಅಲ್ಲೇ ಇಳಿಯಿತು. ಅರ್ಥಶಾಸ್ತ್ರಕ್ಕೆ ನಮ್ಮ ಕಾಲೇಜಿನಲ್ಲಿ ಗಂಟೆಗಳು ಕಮ್ಮಿಯಾದವು. ವಿಭಾಗದ ಮುಖ್ಯಸ್ಥರು ಕೆಲವನ್ನು ತಾವು ಇಟ್ಟುಕೊಂಡರು. ಮಿಕ್ಕವಕ್ಕೆ ಗಂಟೆ ಲೆಕ್ಕದಲ್ಲಿ ಹೊಸದಾಗಿ ಓದು ಮುಗಿಸಿದ ಹುಡುಗನೊಬ್ಬ ಬಂದ. ಮೇಡಂಗೆ ಆ ವರ್ಷದ ನೇಮಕ ಪತ್ರ ಬರಲಿಲ್ಲ.

ಜುಲೈನಲ್ಲಿ ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಅವರಿಗೆ ಒಂದು ಸ್ಕ್ರೀನ್‌ಶಾಟ್ ಕಳಿಸಿದಳು. "ಮೇಡಂ, ನಮ್ಮ ತಂಗೀರಿಗೂ ನಿಮ್ಮ ಪಾಠಾನೇ ಹಾಕ್ತಿದಾರೆ." ಹೊಸ ಹುಡುಗ ತರಗತಿಯಲ್ಲಿ ಪ್ರೊಜೆಕ್ಟರ್ ಹಾಕಿ ಆಲೂಗಡ್ಡೆಯ ವಿಡಿಯೋ ತೋರಿಸುತ್ತಿದ್ದ. ಅವನ ತಪ್ಪೇನಿಲ್ಲ, ಕೋರ್ಸನ್ನು ಅವನ ಹೆಸರಿಗೆ ವರ್ಗಾಯಿಸಿ ಕೊಟ್ಟವನು ನಾನು.

ಮೇಡಂ ಫೋನ್ ಮಾಡಿದರು. ಕೂಗಾಡಲಿಲ್ಲ. "ಸಾರ್, ಎಂಟು ವರ್ಷ ಪಾಠ ಮಾಡಿದ್ದಕ್ಕೆ ಸಂಬಳ ಕೊಟ್ಟಿದೀರಿ, ಅದು ಮುಗೀತು. ಈಗ ನಾನಿಲ್ಲದೇನೂ ನನ್ನ ಹತ್ರ ಪಾಠ ಮಾಡಿಸ್ತಾ ಇದೀರಲ್ಲ, ಇದಕ್ಕೇನು ಲೆಕ್ಕ?" ಎಂದರು. ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದ ನಮ್ಮ ಹಳೆಯ ಲೆಕ್ಚರರು ನೆನಪಾದರು. ಎಜುಸ್ಯಾಟ್ ಕಾಲದಲ್ಲಿ ಅವರಿಗೆ ಒಳಗೆ ಕೆಲಸವಿರಲಿಲ್ಲ, ನೌಕರಿಯಾದರೂ ಇತ್ತು.

ಪ್ರಿನ್ಸಿಪಾಲರಿಗೆ ಹೇಳಿದೆ. ಕಾಲೇಜಿನ ಸರ್ವರಿನಲ್ಲಿ ಇರುವುದೆಲ್ಲ ಕಾಲೇಜಿನದೇ ಎಂಬ ಉತ್ತರ ಬಂತು. ಕಾನೂನು ನೋಡಿದರೆ ಅವರ ಮಾತನ್ನು ತೀರಾ ತಳ್ಳಿಹಾಕುವಂತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ನೌಕರಿಯ ಕರಾರಿನಡಿ ಕೆಲಸದ ಭಾಗವಾಗಿ ಮಾಡಿದ ಕೃತಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಕೆಲಸ ಕೊಟ್ಟವರೇ ಮೊದಲ ಹಕ್ಕುದಾರರು. ಆದರೆ ಮೇಡಂನ ನೇಮಕ ಪತ್ರದಲ್ಲಿ ಇದ್ದದ್ದು ವಾರಕ್ಕೆ ಇಷ್ಟು ಗಂಟೆ ಪಾಠ ಎಂದು ಮಾತ್ರ. ರಾತ್ರಿ ಹತ್ತಕ್ಕೆ ಅವರ ಅಡುಗೆಮನೆಯಲ್ಲಿ, ಅವರ ಫೋನಿನಲ್ಲಿ ಮಾಡಿದ್ದು ಆ ಕೆಲಸದ ಭಾಗವೇ? ಪರಿಚಯದ ವಕೀಲರೊಬ್ಬರನ್ನು ಕೇಳಿದೆ. ವಾದ ಎರಡೂ ಕಡೆ ಇದೆ, ಕೋರ್ಟಿಗೆ ಹೋದರೆ ವಿಡಿಯೋಗಿಂತ ಫೀಸೇ ಜಾಸ್ತಿಯಾಗುತ್ತದೆ ಎಂದರು.

ನಾನು ಮಾಡಿದ್ದು ಇಷ್ಟು. ಕೋರ್ಸನ್ನು ವಿದ್ಯಾರ್ಥಿಗಳಿಗೆ ಕಾಣದಂತೆ ಮರೆಮಾಡಿದೆ. ಅದರ ಪೂರ್ತಿ ಬ್ಯಾಕಪ್ ತೆಗೆದು ಪೆನ್‌ಡ್ರೈವಿನಲ್ಲಿ ಮೇಡಂಗೆ ಕೊಟ್ಟುಬಂದೆ. ಅಳಿಸಿಹಾಕುವ ಧೈರ್ಯವಾಗಲಿಲ್ಲ. ನಾನೂ ಇನ್ನೂ ಹದಿನೆಂಟು ವರ್ಷ ಅಲ್ಲೇ ನೌಕರಿ ಮಾಡಬೇಕು.

ಶೀರ್ಷಿಕೆಗಳು

ಸ್ಟಾಫ್ ರೂಮಿನಲ್ಲಿ ಈ ಬಗ್ಗೆ ಯಾರೂ ದೊಡ್ಡ ದನಿಯಲ್ಲಿ ಮಾತಾಡಲಿಲ್ಲ. ಮುಂದಿನ ಸೆಮಿಸ್ಟರಿನಲ್ಲಿ ಮ್ಯಾನೇಜ್‌ಮೆಂಟ್ ಲೆಕ್ಚರರುಗಳ ಕೋರ್ಸುಗಳನ್ನು ತೆರೆದು ನೋಡಿದಾಗ ನನಗೆ ತಿಳಿಯಿತು. ಘಟಕಗಳು ಇದ್ದವು, ಪಾಠದ ಹೆಸರುಗಳು ಇದ್ದವು, ಕೆಳಗೆ ಏನೂ ಇರಲಿಲ್ಲ. ಒಬ್ಬರಂತೂ ಪ್ರತಿ ಪಾಠದ ಕೆಳಗೆ "ತರಗತಿಯಲ್ಲಿ ಚರ್ಚಿಸಲಾಗುವುದು" ಎಂದು ಬರೆದಿದ್ದರು. ಸುತ್ತೋಲೆಯ ಪ್ರಕಾರ ಎಲ್ಲರೂ ಬಳಸಿದ್ದಾರೆ. ಲಾಗಿನ್ ಕೂಡ ತಪ್ಪಿಸಿಲ್ಲ, ಏಕೆಂದರೆ ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು ಎಂಬ ಪಟ್ಟಿಯನ್ನು ಕಚೇರಿ ನನ್ನಿಂದ ತಿಂಗಳಿಗೊಮ್ಮೆ ತರಿಸಿಕೊಳ್ಳುತ್ತದೆ. ಬಯೋಮೆಟ್ರಿಕ್ಕಿಗೆ ಬೆರಳು ಒತ್ತಿದ ಮೇಲೆ ಇನ್ನೊಂದು ಬೆರಳು ಇದು. ಆ ಪಟ್ಟಿ ಕೊಡುವುದಿಲ್ಲ ಎಂದು ನಾನು ಒಂದು ಸಲ ಹೇಳಿ ನೋಡಿದೆ, ಆಮೇಲೆ ಕೊಟ್ಟೆ.

ಕಾಮರ್ಸ್ ಮೇಡಂ ಮತ್ತು ನಾನು ಕೂತು ಒಂದು ಪುಟದ ಒಪ್ಪಂದ ಪತ್ರ ಬರೆದೆವು. ನೋಟ್ಸು, ವಿಡಿಯೋ, ಪ್ರಶ್ನೆಗಳು ತಯಾರಿಸಿದವರದೇ. ಅವರು ಕಾಲೇಜಿನಲ್ಲಿ ಇರುವಷ್ಟು ಕಾಲ ಕಾಲೇಜು ಬಳಸಬಹುದು. ಹೋದ ಮೇಲೆ ಬಳಸಬೇಕಾದರೆ ಅವರ ಒಪ್ಪಿಗೆ ಬೇಕು, ಹೆಸರು ಹಾಕಬೇಕು, ಸೆಮಿಸ್ಟರಿಗೆ ಇಷ್ಟೆಂದು ಗೌರವಧನ ಕೊಡಬೇಕು. ಆ ಕೊನೆಯ ಸಾಲಿನಲ್ಲಿ ಮೊತ್ತದ ಜಾಗವನ್ನು ಖಾಲಿ ಬಿಟ್ಟಿದ್ದೇವೆ. ಹಿಸ್ಟರಿ ಮೇಷ್ಟ್ರು ನಿವೃತ್ತಿಯ ಹಿಂದಿನ ವಾರ ಅದನ್ನು ಓದಿ ಎರಡು ಕಾಗುಣಿತ ತಿದ್ದಿ ಸಹಿ ಹಾಕಿದರು. ತಮ್ಮ ನೋಟ್ಸನ್ನು ಮಾತ್ರ ಯಾರು ಬೇಕಾದರೂ ಬಳಸಲಿ ಎಂದು ಕೆಳಗೆ ಕೈಬರಹದಲ್ಲಿ ಸೇರಿಸಿದರು. ಅವರಿಗೆ ಪಿಂಚಣಿ ಇದೆ. ಪತ್ರ ಮಂಡಳಿಯ ಕಚೇರಿಗೆ ಹೋಗಿದೆ, ಮುಂದಿನ ಸಭೆಯಲ್ಲಿ ಇಡುತ್ತೇವೆ ಎಂದಿದ್ದಾರೆ. ಆಮೇಲೆ ಎರಡು ಸಭೆ ಆಗಿವೆ.

ಎಕನಾಮಿಕ್ಸ್ ಮೇಡಂ ಈಗ ಅರಸೀಕೆರೆ ಕಡೆಯ ಒಂದು ಕಾಲೇಜಿನಲ್ಲಿದ್ದಾರೆ. ಹೋದ ತಿಂಗಳು ಫೋನ್ ಮಾಡಿ, ನಾನು ಕೊಟ್ಟ ಬ್ಯಾಕಪ್ ಫೈಲು ಹೇಗೆ ತೆರೆಯುವುದು ಎಂದು ಕೇಳಿದರು. ಅದು ಮೂಡಲ್‌ನಲ್ಲಿ ಮಾತ್ರ ತೆರೆದುಕೊಳ್ಳುತ್ತದೆ, ಅಲ್ಲಿ ಇರುವುದು ಗೂಗಲ್ ಕ್ಲಾಸ್‌ರೂಮ್. ವಿಡಿಯೋಗಳನ್ನು ಬೇರೆಯಾಗಿ ತೆಗೆದು ಕಳಿಸುತ್ತೇನೆ ಎಂದೆ. ಅಲ್ಲಿಯೂ ಸುತ್ತೋಲೆ ಬಂದಿದೆಯಂತೆ, ಎಲ್ಲ ಘಟಕಗಳನ್ನೂ ತಿಂಗಳ ಕೊನೆಯೊಳಗೆ ಹಾಕತಕ್ಕದ್ದು.

"ಹಾಕ್ತೀರಾ ಮೇಡಂ?" ಎಂದು ಕೇಳಿದೆ.

"ಹೆಡ್ಡಿಂಗ್ಸ್ ಹಾಕ್ತೀನಿ ಸಾರ್" ಅಂದರು. "ಆಲೂಗಡ್ಡೇದು ಮೊದಲು ಕಳಿಸಿ, ಕ್ಲಾಸಲ್ಲಿ ನಾನೇ ಬಿಡಿಸ್ತೀನಿ."